ನೀರಿನ ಮೇಲೆ ಬಾಯಿ ಬಿಟ್ಟ ಮೀನುಗಳು

ಹಾಸನದ ನಮ್ಮ ಮನೆಯಲ್ಲಿ, ಟಿ.ವಿ. ಪಕ್ಕದ ಗಾಜಿನ ತೊಟ್ಟಿಯಲ್ಲಿ ನಾಲ್ಕು ಗೋಲ್ಡ್‌ಫಿಶ್‌ಗಳಿದ್ದವು. ಒಂದು ಬೆಳಿಗ್ಗೆ ನೋಡಿದರೆ ಒಂದು ಸತ್ತು ತೇಲುತ್ತಿತ್ತು. ಉಳಿದ ಮೂರು ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ನೀರಿನಲ್ಲಿ ಗಾಳಿ ಸಾಲದಿದ್ದರೆ ಹಾಗೆ. ಫಿಲ್ಟರ್ ಕೆಳಗಿನ ನೀರನ್ನು ಎಳೆದು ಮೇಲೆ ಸುರಿದು ಕದಡುತ್ತಿದ್ದರೆ ಗಾಳಿ ಸೇರುತ್ತಿರುತ್ತದೆ. ಈಗ ಮೋಟರ್ ಗುಂಯ್ಗುಡುತ್ತಿತ್ತು, ನೀರು ಮಾತ್ರ ಅಲುಗುತ್ತಿರಲಿಲ್ಲ.

ನನ್ನ ಗುಮಾನಿ ನೇರವಾಗಿ ಅತ್ತೆಯ ಮೇಲೆ ಹೋಯಿತು. ಅವರು ಜಿನನಾಥಪುರದವರು, ಕೆಲವು ತಿಂಗಳಿಂದ ನಮ್ಮಲ್ಲೇ ಇದ್ದರು. ಬಂದ ದಿನವೇ ತೊಟ್ಟಿಯ ಮುಂದೆ ನಿಂತು, “ಪಾಪ, ಈ ಜೀವಗಳನ್ನ ಯಾಕೆ ಕೂಡಾಕಿದೀರಿ ಅಳಿಯಂದ್ರೇ?” ಅಂದಿದ್ದರು. ಈಗ ಮದುವೆಗೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದರು. ಹೋಗುವ ಮುಂಚೆ ಏನೋ ಮಾಡಿಯೇ ಹೋಗಿದ್ದಾರೆ ಅಂದೆ.

“ಊರಲ್ಲಿಲ್ಲದೋರ ಮೇಲೂ ಗುಮಾನಿನಾ?” ಅಂದಳು ಹೆಂಡತಿ. “ನೀರು ಬದಲಾಯಿಸುವಾಗ ನೀವೇ ಏನೋ ಮಾಡಿರ್ತೀರ. ಮೊನ್ನೆ ಗ್ಯಾಸ್ ಆರಿಸಿದೀನಿ ಅಂತ ಆಣೆ ಇಟ್ರಿ, ಹಾಲು ಸೀದು ಕರಕಲಾಗಿತ್ತು.”

ಅದು ನಿಜ. ಕಾಲೇಜಿನಲ್ಲಿ ಕಣ್ಣಾರೆ ಕಂಡದ್ದನ್ನೂ ಅನುಮಾನಿಸಿ ಎಂದು ಪಾಠ ಹೇಳುವ ನಾನು, ಹೋದ ಸಲ ನೀರು ಬದಲಾಯಿಸಿದ್ದನ್ನು ನೆನಪಿಸಿಕೊಳ್ಳಲು ಹೋದರೆ ಬಕೆಟ್ ಬಿಟ್ಟು ಬೇರೇನೂ ಕಣ್ಣಮುಂದೆ ಬರಲಿಲ್ಲ. ಅಷ್ಟರಲ್ಲಿ ಒಂದು ಮೀನು ಓರೆಯಾಗಿ ವಾಲಿತು.

ಅಂಗಿಯ ತೋಳು ಮಡಚಿ ಫಿಲ್ಟರನ್ನು ಎತ್ತಿದೆ. ಅದು ನೀರೆಳೆಯುವ ಕಡೆ ಎರಡು ಮಡಿಕೆ ಬಿಳಿ ಬಟ್ಟೆಯನ್ನು ದಾರದಿಂದ ಬಿಗಿಯಲಾಗಿತ್ತು. ಬಟ್ಟೆಯ ತುಂಬ ಲೋಳೆ. ಕುಡಿಯುವ ನೀರು ಸೋಸಲು ಅತ್ತೆ ಅಡುಗೆಮನೆಯ ನಲ್ಲಿಗೆ ಕಟ್ಟಿದ ಹಾಗೆಯೇ ಕಟ್ಟಿದ್ದರು. ಕಿತ್ತು ಬಿಸಾಕಿ ಫಿಲ್ಟರನ್ನು ಮತ್ತೆ ಕೂರಿಸಿದೆ. ನೀರು ಧುಮುಕತೊಡಗಿತು.

ಸ್ಪೀಕರ್ ಹಾಕಿ ಅತ್ತೆಗೆ ಫೋನ್ ಮಾಡಿದೆ.

“ಹೂಂ, ನಾನೇ ಕಟ್ಟಿದ್ದು. ನೀರಲ್ಲಿರೋ ಕಣ್ಣಿಗೆ ಕಾಣದ ಸಣ್ಣಪುಟ್ಟ ಜೀವ ಮೋಟರಿಗೆ ಸಿಕ್ಕೊಳ್ಳಲ್ವಾ? ದಿನಾ ಬಿಚ್ಚಿ ಆ ನೀರಲ್ಲೇ ಜಾಲಿಸಿ ಕಟ್ತಿದ್ದೆ. ಹೊರಡೋವಾಗ ನಿಮಗೆ ಹೇಳಿದ್ನಲ್ಲಾ, ದಿನಾ ತೊಳೀರಿ ಅಂತ. ಪೇಪರ್ ಓದ್ತಾ ಹೂಂ ಅಂದ್ರಿ.”

“ಹೇಳಲಿಲ್ಲ ನೀವು.”

“ಹೇಳಿದ್ರು ಕಣ್ರೀ, ಏನೋ ತೊಳೀರಿ ಅಂದಿದ್ದು ಈಗ ನೆನಪಾಯ್ತು,” ಅಂದಳು ಹೆಂಡತಿ ಒಳಗಿನಿಂದ.

ತಾಯಿ ಮಗಳು ಒಂದಾದರೆ ಅದು ಸಾಕ್ಷಿಯಾಗುತ್ತದೆಯೇ ಎಂದು ಇವತ್ತಿಗೂ ನನಗೆ ಅನುಮಾನ. ವಾಲಿದ್ದ ಮೀನು ಮಧ್ಯಾಹ್ನದ ಹೊತ್ತಿಗೆ ನೆಟ್ಟಗಾಗಿ ತಳಕ್ಕೆ ಇಳಿಯಿತು. ಅತ್ತೆ ವಾಪಸ್ ಬಂದು ಹೊಸ ಬಟ್ಟೆ ಕಟ್ಟಿದ್ದಾರೆ. ಅವರು ಬಸದಿಗೆ ಹೋದಾಗಲೆಲ್ಲ ನಾನು ಹೋಗಿ ನೀರು ಬೀಳುವಲ್ಲಿ ಬೆರಳಿಟ್ಟು ನೋಡುತ್ತೇನೆ.