ಯಾರೂ ನಂಬದ ದೃಶ್ಯ

ಗೆಳೆಯರೇ, ಇವತ್ತು ಮಹಾರಾಷ್ಟ್ರದ ಗಡಿಯೂರು ಉದಗೀರದ ಟಾಕೀಸಿನಲ್ಲಿ ನನ್ನ ಪ್ರೀತಿಯ ಕಾದಂಬರಿಯ ಅಂತ್ಯಸಂಸ್ಕಾರ ನೋಡಿ ಬಂದೆ. ಹಿಂದಿಗೆ ಡಬ್ ಆದ ಸಿನಿಮಾ. ಮುಂದೆಂದೋ ಬರುವ ಕ್ರೂರ ಸರ್ಕಾರ, ಅದರ ವಿರುದ್ಧ ಸಿಡಿದೇಳುವ ಶಾಲಾ ಹುಡುಗಿ. ಕ್ರಾಂತಿ ಮುಗಿಯುವವರೆಗೂ ಅವಳ ತುಟಿಯ ಬಣ್ಣ ಮಾಸಲಿಲ್ಲ. ಪುಸ್ತಕದ ಜೀವಾಳವಾಗಿದ್ದ ದೃಶ್ಯವನ್ನೇ ಕೈಬಿಟ್ಟಿದ್ದಾರೆ. ಅದರಲ್ಲಿ ಜನ ಬೀದಿಯಲ್ಲಿ ಸರ್ಕಾರದ ಭಾಷೆ ಆಡಿ, ಮನೆಮಾತನ್ನು ಬಾಗಿಲು ಹಾಕಿಕೊಂಡು ಪಿಸುಗುಟ್ಟುತ್ತಾರೆ.

ಹೊರಗೆ ಚಹಾ ಕುಡಿಯುತ್ತ, ಪಕ್ಕದ ಸೀಟಿನಲ್ಲಿದ್ದವನ ಮುಂದೆ ಮರಾಠಿಯಲ್ಲಿ ಕೂಗಾಡಿದೆ. ಅವನೂ ಪುಸ್ತಕ ಓದಿದ್ದ. "ಬಿಟ್ಟಿದ್ದೇ ಒಳ್ಳೆಯದಾಯಿತು" ಎಂದ, ಮರಾಠಿಯಲ್ಲೇ. "ತಮ್ಮ ಭಾಷೆಯನ್ನು ಯಾರಾದರೂ ಹೀಗೆ ಬಚ್ಚಿಡುತ್ತಾರಾ? ಹೆ ಕೋಣ ಮಾನಣಾರ?" ಯಾರು ನಂಬುತ್ತಾರಂತೆ!

ಅಷ್ಟರಲ್ಲಿ ಅವನಿಗೆ ಫೋನ್ ಬಂತು. ಅತ್ತ ತಿರುಗಿ, ದನಿ ತಗ್ಗಿಸಿ ಹೇಳಿದ: "ಹೂಂನವ್ವಾ, ಪಿಚ್ಚರ್ ಮುಗದದ. ನಿಲಂಗಾ ಬಸ್ಸಿಗೆ ಬರ್ತೀನಿ. ಎರಡ ರೊಟ್ಟಿ ಇಟ್ಟಿರು."

"ನೀವು ಕನ್ನಡದವ್ರೇನ್ರೀ?" ಎಂದೆ.

ಅವನು ಸುತ್ತ ನೋಡಿದ. "ಮನ್ಯಾಗಷ್ಟೇ ರೀ. ನೀವೂ?"

"ನಾನೂ ಮನ್ಯಾಗಷ್ಟೇ ರೀ."

ಆಮೇಲೆ ಇನ್ನೊಂದು ಚಹಾ ಹೇಳಿ, ಆ ದೃಶ್ಯ ಬೇಕಿತ್ತೋ ಬೇಡವೋ ಎಂದು ಮತ್ತೆ ಜಗಳಕ್ಕೆ ಬಿದ್ದೆವು. ಮರಾಠಿಯಲ್ಲೇ.