ಚಿಗವ್ವನ ತುಟಿ, ಯಾರದೋ ಪಿಟೀಲು

ಅಥವಾ ಅದು ಪಿಟೀಲೇ ಆಗಿರಲಿಲ್ಲವೇನೋ, ಕೊಳಲಿರಬಹುದು. ನೆನಪನ್ನು ಪೂರ್ತಿ ನಂಬಿ ಬರೆಯುವವರನ್ನು ಕಂಡರೆ ನನಗಾಗುವುದಿಲ್ಲ. ಅದು ಅಳುತ್ತಿತ್ತು ಎಂಬುದಷ್ಟೇ ಖಾತ್ರಿ. ಕಿರುಚಿತ್ರಗಳಲ್ಲಿ ವಾದ್ಯಗಳಿಗೆ ಬೇರೆ ಕೆಲಸವಿಲ್ಲ.

ಜಮಖಂಡಿಯ ಒಂದು ಪತ್ರಿಕೆಗೆ ನಾನು 'ಈ ತಿಂಗಳು ನೋಡಲೇಬೇಕಾದ ಕಿರುಚಿತ್ರಗಳು' ಎಂದು ಬರೆಯುತ್ತೇನೆ. ನೋಡಲೇಬೇಕಾದದ್ದು ಯಾವುದೂ ಇರುವುದಿಲ್ಲ. ಡ್ರೋನು ಕೃಷ್ಣೆಯ ಮೇಲೆ ಒಂದು ಸುತ್ತು ಹಾಕುತ್ತದೆ, ಸುಕ್ಕುಗಟ್ಟಿದ ಒಂದು ಮುಖ ಬರುತ್ತದೆ, ಕೊನೆಗೆ ಕಪ್ಪು ಪರದೆಯ ಮೇಲೆ ತಾಯಿಗೆ ಅರ್ಪಣೆ. ಆದರೂ ಐದನ್ನು ಆರಿಸಿ, ಅರ್ಧರ್ಧ ನೋಡಿ, ಪೂರ್ತಿ ಹೊಗಳುತ್ತೇನೆ.

ಹಾಗೆ ಹೊಗಳಿದ್ದರಲ್ಲಿ ಒಂದನ್ನು ಬನಹಟ್ಟಿಯಲ್ಲಿ, ನನ್ನ ಚಿಗವ್ವನ ಮಗ್ಗದ ಶೆಡ್ಡಿನಲ್ಲೇ ತೆಗೆದಿದ್ದರು. ಅವಳು ನನ್ನ ತಾಯಿಯ ತಂಗಿ. ಗಂಡನ, ಅಂದರೆ ನಮ್ಮ ಕಾಕಾನ, ಜೊತೆ ನಾಲ್ಕು ಪವರ್‌ಲೂಮ್ ಓಡಿಸಿದವಳು, ಅವನು ತೀರಿಕೊಂಡ ಮೇಲೆ ಎರಡನ್ನು ಓಡಿಸುತ್ತಾಳೆ. ಕಿವಿ ಮಂದ. ಕಿರುಚಿತ್ರ ಎಂದರೆ ಕಿರುಚುವ ಚಿತ್ರ ಎಂದೇ ತಿಳಿದಿದ್ದಳು. ಮಗ್ಗಗಳ ಸದ್ದಿಗೆ ಆ ಓಣಿಯಲ್ಲಿ ಕಿರುಚದೆ ಯಾರೂ ಉಪ್ಪನ್ನೂ ಕೇಳುವುದಿಲ್ಲ. ಶೆಡ್ಡಿನೊಳಗೆ ಕಿರುಚಿಯೂ ಉಪಯೋಗವಿಲ್ಲ. ಒಬ್ಬರ ತುಟಿಯನ್ನು ಇನ್ನೊಬ್ಬರು ಓದುತ್ತಾರೆ.

ಚಿತ್ರದಲ್ಲಿ ಅವಳು ಮಗ್ಗದ ಪಕ್ಕ ನಿಂತು ಮಾತಾಡುತ್ತಾಳೆ. ತುಟಿ ಆಡುತ್ತದೆ, ವಾದ್ಯ ಅಳುತ್ತದೆ, ಅವಳು ತಟ್ಟನೆ ಬೆನ್ನು ತಿರುಗಿಸುತ್ತಾಳೆ. 'ಬೆನ್ನು ತಿರುಗಿಸುವ ಆ ಮೌನವೇ ಕಾವ್ಯ' ಎಂದು ಬರೆದಿದ್ದೆ. ನಾಚಿಕೆಯಾಗಬೇಕಿತ್ತು, ಆಗಿರಲಿಲ್ಲ.

ಪತ್ರಿಕೆ ಬಂದ ವಾರ ಅವಳ ಮನೆಗೆ ಹೋದೆ. ಚಹಾ ಕೊಟ್ಟು ಎದುರಿಗೆ ಕೂತಳು.

"ಪಿಚ್ಚರದವ್ರು ನಿಮ್ಮ ಕಾಕಾನ ಬಗ್ಗೆ ಕೇಳಿದ್ರು. ಯಾರ ಮುಂದೂ ಆಡಿದಾಕಿ ಅಲ್ಲ ನಾ, ಅವತ್ತ ಆಡಿಬಿಟ್ಟೆ. ಲೂಮಿನ ಸಪ್ಪಳದಾಗ ನನ್ನ ಮಾತು ನನಗ ಕೇಳಲಿಲ್ಲ. ನೀ ಛಲೋ ಐತಿ ಅಂತ ಬರದೀಯಲ್ಲ, ಹೇಳು. ನಾ ಏನಂದೆ?"

ಅಲ್ಲಿ ಮಾತು ಕೇಳುವುದಿಲ್ಲ, ಸಂಗೀತ ಹಾಕಿದ್ದಾರೆ ಎಂದೆ.

"ಕಾವ್ಯ ಐತಿ ಅಂತ ಬರದಿ. ನೋಡಿ ಬರದಿಯೋ, ನೋಡದನ ಬರದಿಯೋ?"

ಅಲ್ಲಿಂದಲೇ ನಿರ್ದೇಶಕನಿಗೆ ಫೋನು ಮಾಡಿ, ಅವಳ ಮಾತಿನ ಮೂಲ ಧ್ವನಿ ಇದೆಯೇ ಎಂದು ಕೇಳಿದೆ. ಮುಧೋಳದ ಹುಡುಗ. ಅದೆಲ್ಲ ಬರೀ ಖಟಖಟ ಇತ್ತು, ಅಳಿಸಿಬಿಟ್ಟೆ, ಭಾವ ಉಳಿದಿದೆಯಲ್ಲ ಎಂದ. ಭಾವ! ನನ್ನದೇ ಲೇಖನದ ಪದ.

ಫೋನಿನಲ್ಲಿ ಚಿತ್ರ ಹಚ್ಚಿ, ದನಿ ಬಂದ್ ಮಾಡಿ, ಇಬ್ಬರೂ ಅವಳ ತುಟಿ ಓದಲು ಕೂತೆವು. ಮೂರನೆಯ ಸಲಕ್ಕೆ ಅವಳು ಬೆರಳಿಟ್ಟು ಹೇಳಿದಳು: "ಅವ್ರು... ಒಮ್ಮಿನೂ..." ಮುಂದಿನ ಶಬ್ದಕ್ಕೆ ತುಟಿ ತೆರೆಯುವಷ್ಟರಲ್ಲಿ ಮಗ್ಗದಲ್ಲಿ ಎಳೆ ಹರಿದು, ಅವಳು ಅದನ್ನು ನಿಲ್ಲಿಸಲು ತಿರುಗಿದ್ದಳು. ನಾನು ಕಾವ್ಯ ಎಂದದ್ದು ಹರಿದ ಎಳೆಗೆ. ಆಮೇಲೆ ಬರೀ ಬೆನ್ನು.

"ಒಮ್ಮಿನೂ ಬೈಲಿಲ್ಲ ಅಂದಿರ್ತೇನಿ," ಎಂದಳು. ಆರಿದ ಚಹಾದ ಲೋಟ ಪಕ್ಕಕ್ಕೆ ಸರಿಸಿ, "ಒಮ್ಮಿನೂ ಕುಂದ್ರು ಅನ್ನಲಿಲ್ಲ ಅಂತಾನೂ ಅಂದಿರಬಹುದು. ಎರಡೂ ಖರೇನ. ಆದ್ರ ಅವತ್ತ ಯಾವ್ದಂದೆ?"

ನಾಲ್ಕನೆಯ ಸಲ ನೋಡಿದೆವು. ಅವಳೇ ಫೋನು ಬೋರಲು ಹಾಕಿದಳೋ ನಾನು ಹಾಕಿದೆನೋ ಈಗ ನೆನಪಿಲ್ಲ. ಕಾಕಾ ಒಮ್ಮೆಯೂ ಏನು ಮಾಡಲಿಲ್ಲ ಎಂದು ಅವಳು ಅಂದು ಹೇಳಿದಳೋ, ಅವಳಿಗೆ ಗೊತ್ತಿಲ್ಲ. ನನಗೂ ಗೊತ್ತಿಲ್ಲ.