ಹುಣಸೆಹುಳಿಯಲ್ಲಿ ತೊಳೆದ ಶೀಲ್ಡು

ಭಾನುವಾರದ ಪುರವಣಿಯಲ್ಲಿ ಒಮ್ಮೆ ಒಂದು ಪಟ್ಟಿ ಬಂದಿತ್ತು. ಪ್ರಪಂಚದಲ್ಲಿ ಅತಿ ಹೆಚ್ಚು ದೊಡ್ಡ ಪ್ರಶಸ್ತಿಗಳನ್ನು ಗೆದ್ದ ಸಂಗೀತಗಾರರ ಪಟ್ಟಿ. ತುತ್ತತುದಿಯಲ್ಲಿದ್ದವರು ಹಾಡುವವರೂ ಅಲ್ಲ, ವಾದ್ಯ ನುಡಿಸುವವರೂ ಅಲ್ಲ. ಹತ್ತಾರು ವಾದ್ಯಗಾರರ ಮುಂದೆ ನಿಂತು ಸಣ್ಣ ಕೋಲು ಬೀಸುವ ಯಾರೋ ಒಬ್ಬ ಯಜಮಾನರು. ಹಳೇ ಗ್ರಾಮಫೋನಿನ ಆಕಾರದ ಚಿನ್ನದ ಬಣ್ಣದ ಬೊಂಬೆಗಳು ಅವರ ಮನೆಯಲ್ಲಿ ಮೂವತ್ತಕ್ಕೂ ಹೆಚ್ಚು ಇದ್ದವಂತೆ. ಅವರ ಹಿಂದೆ ಪಾಪ್ ಹಾಡುವವರು, ಪಿಟೀಲಿನವರು, ಎಲ್ಲರೂ ಸಾಲುಗಟ್ಟಿ ನಿಂತಿದ್ದರು. ನಾನು ಓದಿ ಹೇಳುತ್ತಿದ್ದೆ, ಅತ್ತೆ ಹುರುಳಿಕಾಯಿ ಮುರಿಯುತ್ತ ಕೇಳುತ್ತಿದ್ದರು.

"ಹಾಡಲ್ವಂತಾ ಅವ್ರು?"

"ಇಲ್ಲ ಅತ್ತೆ."

"ಬಾರ್ಸೋದೂ ಇಲ್ವಾ?"

"ಇಲ್ಲ."

"ಮತ್ತೆ ಎಂತಕ್ಕೆ ಕೊಟ್ರು ಮಾರಾಯ್ತಿ ಅಷ್ಟೊಂದು?"

"ತಾಳ ಹಾಕಿದ್ದಕ್ಕಿರಬೇಕು" ಎಂದೆ. ಅತ್ತೆ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. ಅವರ ಭಜನಾ ಮಂಡಳಿಯಲ್ಲಿ ತಾಳ ಹಾಕುವವಳು ನಾನೇ.

ಇದು ಎರಡು ಸಾವಿರದ ಆರೋ ಏಳೋ ಇಸವಿಯ ಮಾತು. ನಾನು ಶೃಂಗೇರಿ ಕಡೆಯಿಂದ ನರಸಿಂಹರಾಜಪುರಕ್ಕೆ ಸೊಸೆಯಾಗಿ ಬಂದು ಮೂರು ವರ್ಷವಾಗಿತ್ತು. ಪ್ರಪಂಚದ ಪಟ್ಟಿ ಹೇಗಾದರೂ ಇರಲಿ, ಕೊಪ್ಪ, ಶೃಂಗೇರಿ, ಎನ್.ಆರ್. ಪುರ ಈ ಮೂರು ತಾಲೂಕುಗಳ ಪಟ್ಟಿ ಮಾಡಿದ್ದರೆ ತುದಿಯಲ್ಲಿ ನಮ್ಮತ್ತೆಯೇ ಇರುತ್ತಿದ್ದರು. ಭಾವಗೀತೆ, ಭಕ್ತಿಗೀತೆ, ವಚನ ಗಾಯನ, ಸೋಬಾನೆ, ಯಾವ ಸ್ಪರ್ಧೆ ಎಲ್ಲೇ ಇರಲಿ, ಅತ್ತೆ ಬ್ಯಾಗು ಹೆಗಲಿಗೇರಿಸಿ ಬಸ್ಸು ಹತ್ತುತ್ತಿದ್ದರು, ಸಂಜೆ ಏನಾದರೊಂದು ಹಿಡಿದುಕೊಂಡೇ ಇಳಿಯುತ್ತಿದ್ದರು. ನಮ್ಮಲ್ಲಿ ಸಂಗೀತಕ್ಕೆ ಕೊಡುವುದು ಪಾತ್ರೆ. ನಮ್ಮ ಅಡಿಗೆಮನೆಯ ಮುಕ್ಕಾಲು ಪಾಲು ಅತ್ತೆಯ ಗಂಟಲಿನಿಂದಲೇ ಬಂದದ್ದು. ಅನ್ನದ ಪಾತ್ರೆ ಪ್ರಥಮ, ಸಾರಿನ ಪಾತ್ರೆ ದ್ವಿತೀಯ, ಎರಡು ಲೋಟ ಸಮಾಧಾನಕರ. ಗೋಡೆ ಗಡಿಯಾರಗಳೇ ನಾಲ್ಕಿದ್ದವು, ನಾಲ್ಕೂ ನಾಲ್ಕು ಸಮಯ ತೋರಿಸುತ್ತಿದ್ದವು. ನನ್ನ ಗಂಡ ಲೈನ್‌ಮ್ಯಾನ್. ಡ್ಯೂಟಿಗೆ ತಡವಾದಾಗ ಯಾವ ಗಡಿಯಾರ ತನಗೆ ಅನುಕೂಲವೋ ಅದನ್ನೇ ನೋಡಿಕೊಂಡು ಹೊರಡುತ್ತಿದ್ದರು.

ಇಷ್ಟೆಲ್ಲ ಗೆದ್ದರೂ ಅತ್ತೆಯ ಕಣ್ಣಿದ್ದದ್ದು ಒಂದರ ಮೇಲೆ. ಮೂರು ತಾಲೂಕಿನ ಮಹಿಳಾ ಭಜನಾ ಮಂಡಳಿಗಳಿಗೆ ಕೊಪ್ಪದಲ್ಲಿ ವರ್ಷಕ್ಕೊಂದು ಸ್ಪರ್ಧೆ ನಡೆಯುತ್ತಿತ್ತು. ಗೆದ್ದವರಿಗೆ ಪರ್ಯಾಯ ಫಲಕ. ಬಾಯಿಮಾತಿನಲ್ಲಿ ರೋಲಿಂಗ್ ಶೀಲ್ಡು. ಎರಡೂವರೆ ಅಡಿ ಎತ್ತರದ ಮರದ ಹಲಗೆ, ಅದರ ಮೇಲೆ ಲೋಹದ ದೊಡ್ಡ ವೀಣೆ, ಫಳಫಳ ಚಿನ್ನದ ಬಣ್ಣ. ಒಂದು ವರ್ಷ ಇಟ್ಟುಕೊಂಡು ಮುಂದಿನ ವರ್ಷ ವೇದಿಕೆಗೆ ತಂದೊಪ್ಪಿಸಬೇಕು. ಸತತ ಮೂರು ವರ್ಷ ಗೆದ್ದವರಿಗೆ ಮಾತ್ರ ಅದು ಶಾಶ್ವತ. ನಮ್ಮ ಮಂಡಳಿ ಎರಡು ವರ್ಷ ಗೆದ್ದಾಗಿತ್ತು. ಮೂರನೆಯದು ಗೆದ್ದರೆ ಶೀಲ್ಡು ಎಲ್ಲಿರಬೇಕು ಎಂದು ಅತ್ತೆ ಗೋಡೆಗೆ ಮೊಳೆ ಕೂಡ ಹೊಡೆಸಿಟ್ಟಿದ್ದರು.

ನಮ್ಮ ಮಂಡಳಿಯದು ಒಂದು ಪದ್ಧತಿ. ಶೀಲ್ಡು ಒಬ್ಬರ ಮನೆಯಲ್ಲೇ ಕೂರುವಂತಿಲ್ಲ. ಹನ್ನೆರಡು ಜನ ಹೆಂಗಸರು, ಹನ್ನೆರಡು ತಿಂಗಳು, ತಿಂಗಳಿಗೊಂದು ಮನೆ. ನನ್ನನ್ನೂ ಸೇರಿಸಿದರೆ ಹದಿಮೂರಾಗುತ್ತಿತ್ತು, ಆದರೆ ಲೆಕ್ಕಕ್ಕೆ ನನ್ನನ್ನು ಹಿಡಿದಿರಲಿಲ್ಲ, ಒಂದೇ ಮನೆಯಲ್ಲವೇ. ಶೀಲ್ಡು ಮನೆಗೆ ಬಂತೆಂದರೆ ಮದುವಣಗಿತ್ತಿ ಬಂದ ಹಾಗೆ. ಹೊಸಿಲಲ್ಲೇ ಅರಿಸಿನ ಕುಂಕುಮ, ಹೂವು, ಊದಿನಕಡ್ಡಿ. ನೋಡಲು ಬಂದವರಿಗೆ ಕಾಫಿ, ಕೋಡುಬಳೆ. ಹೀಗೆ ಹನ್ನೊಂದು ಮನೆಯ ಉಪಚಾರ ಮುಗಿಸಿ ಹನ್ನೆರಡನೆಯ ತಿಂಗಳು ನಮ್ಮನೆಗೆ ಬರುವಷ್ಟರಲ್ಲಿ ವೀಣೆಯ ತಂತಿಗಳ ಸಂದಿನಲ್ಲಿ ಕುಂಕುಮ ಹೆಪ್ಪುಗಟ್ಟಿತ್ತು. ಬುರುಡೆಯ ಮೇಲೆ ಎಣ್ಣೆಜಿಡ್ಡು. ಯಾರ ಮನೆಯದೋ ಒಗ್ಗರಣೆ ವಾಸನೆ ಬೇರೆ.

ಸ್ಪರ್ಧೆಗೆ ಇನ್ನು ಐದು ದಿನ. ಅತ್ತೆ ಯಾವುದೋ ನಾಮಕರಣಕ್ಕೆ ಬಾಳೆಹೊನ್ನೂರಿಗೆ ಹೋಗಿದ್ದರು. ವಾಪಸ್ ಬರುವುದರೊಳಗೆ ಒಂದಾದರೂ ಕೆಲಸ ಮಾಡಿ ಭೇಷ್ ಅನ್ನಿಸಿಕೊಳ್ಳಬೇಕೆಂಬ ಚಪಲ ನನಗೆ. ಮೂರು ವರ್ಷದಲ್ಲಿ ಅವರು ನನ್ನ ಚಕ್ಕುಲಿ ಗಟ್ಟಿ ಎಂದಿದ್ದರು, ರಂಗೋಲಿ ಸೊಟ್ಟ ಎಂದಿದ್ದರು, ತಾಳ ಒಂದು ಉಸಿರು ಹಿಂದೆ ಎಂದಿದ್ದರು. ಭೇಷ್ ಮಾತ್ರ ಎಂದಿರಲಿಲ್ಲ. ಸರಿ, ಸೆರಗು ಸಿಕ್ಕಿಸಿ ಶೀಲ್ಡನ್ನು ಬಚ್ಚಲಿಗೆ ಎತ್ತಿಕೊಂಡು ಹೋದೆ. ಹಿತ್ತಾಳೆ ದೀಪ, ತಾಮ್ರದ ಹಂಡೆ ಬೆಳಗುವುದು ಹೇಗೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಒಂದು ಹಿಡಿ ಹುಣಸೆಹಣ್ಣು, ಒಲೆಬೂದಿ, ತೆಂಗಿನ ನಾರು. ಹಾಕಿ ತಿಕ್ಕಿದೆ ನೋಡಿ.

ಕುಂಕುಮ ಹೋಯಿತು. ಜಿಡ್ಡು ಹೋಯಿತು. ಅದರ ಬೆನ್ನಿಗೇ ಚಿನ್ನವೂ ಹೋಯಿತು.

ನೀರು ಸುರಿದು ನೋಡಿದರೆ ವೀಣೆಯ ಬಲಭಾಗ ಹಳೇ ಅಲ್ಯುಮಿನಿಯಂ ತಟ್ಟೆಯ ಬಣ್ಣಕ್ಕೆ ಬಂದಿತ್ತು, ಎಡಭಾಗ ಇನ್ನೂ ಮಿನುಗುತ್ತಿತ್ತು. ಬುದ್ಧಿ ಇದ್ದವರು ಅಲ್ಲಿಗೆ ನಿಲ್ಲಿಸುತ್ತಿದ್ದರು. ನಾನು ಹತ್ತು ನಿಮಿಷ ಯೋಚಿಸಿ, ಅರ್ಧ ಬೋಳು ತಲೆಗಿಂತ ಪೂರ್ತಿ ಬೋಳೇ ನೋಡಲು ಮೇಲು ಎಂದು ತೀರ್ಮಾನಿಸಿ, ಎಡಭಾಗವನ್ನೂ ತಿಕ್ಕಿದೆ.

ಆಮೇಲೆ ಬಚ್ಚಲ ಕಟ್ಟೆಯ ಮೇಲೆ ಕೂತು ಅತ್ತುಬಿಟ್ಟೆ.

ಮರುದಿನ ಶೀಲ್ಡನ್ನು ಬೆಡ್‌ಶೀಟಿನಲ್ಲಿ ಸುತ್ತಿ ಕೊಪ್ಪದ ಬಸ್ಸು ಹತ್ತಿದೆ. ಪಕ್ಕದಲ್ಲಿ ಕೂತವರು ಅದೆಂತ ಎಂದು ಕೇಳಿದ್ದಕ್ಕೆ ಮನೆದೇವರ ಫೋಟೋ ಎಂದೆ. ಅವರು ಬೆಡ್‌ಶೀಟಿಗೇ ಕೈಮುಗಿದರು. ಕೊಪ್ಪದಲ್ಲಿ ಕಪ್ಪು, ಶೀಲ್ಡು, ಫೋಟೋಕಟ್ಟಿನ ಅಂಗಡಿ ಇಟ್ಟಿದ್ದ ಸಾಹೇಬರೊಬ್ಬರಿದ್ದರು. ಬೆಡ್‌ಶೀಟು ಬಿಚ್ಚಿ ನೋಡಿದವರೇ ಬೆರಳಿನಿಂದ ಮುಟ್ಟಿ, ಮೂಸಿ, ನನ್ನ ಮುಖ ನೋಡಿದರು.

"ಹುಣಸೆಹಣ್ಣಾ ಅಕ್ಕ?"

"ಹೌದು ಸಾಹೇಬ್ರೆ."

"ಇದು ಚಿನ್ನ ಅಲ್ಲ, ಹಿತ್ತಾಳೆನೂ ಅಲ್ಲ, ಬರೀ ಕೋಟಿಂಗು. ಒದ್ದೆ ಬಟ್ಟೆಲಿ ಒರ್ಸಿದ್ರೂ ಬೇಜಾರು ಮಾಡ್ಕೊಳ್ಳೋ ಅಂಥದ್ದು. ನೀವು ಹಂಡೆ ತಿಕ್ಕಿದಂಗೆ ತಿಕ್ಕಿದ್ದೀರಿ."

ಶಿವಮೊಗ್ಗಕ್ಕೆ ಕಳಿಸಿದರೆ ಮತ್ತೆ ಕೋಟಿಂಗ್ ಹಾಕಿಕೊಡುತ್ತಾರೆ, ಎಂಟು ದಿನ ಬೇಕು ಎಂದರು. ನನ್ನ ಬಳಿ ಇದ್ದದ್ದು ನಾಲ್ಕು. ನನ್ನ ಮುಖ ಬಾಡಿದ್ದು ಕಂಡು ಒಳಗಿನಿಂದ ಒಂದು ಸಣ್ಣ ಡಬ್ಬಿ ತಂದರು. ಗಣಪತಿಯ ಕಿರೀಟಕ್ಕೆ ಹಚ್ಚುವ ಚಿನ್ನದ ಬಣ್ಣ. "ತೆಳ್ಳಗೆ ಹಚ್ಚಿ ಅಕ್ಕ. ಈ ಥಂಡೀಲಿ ಒಣಗೋದು ಲೇಟು. ಒಣಗೋವರೆಗೆ ಯಾರ್ ಕೈಗೂ ಕೊಡ್ಬೇಡಿ" ಎಂದರು.

ಅತ್ತೆ ಬರುವ ಮೊದಲೇ ಹಚ್ಚಿ ಮುಗಿಸಿದೆ. ಕೈಯನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ ತೊಳೆದೆ, ಉಗುರಿನ ಸಂದಿನದು ಮಾತ್ರ ಜಪ್ಪಯ್ಯ ಎಂದರೂ ಹೋಗಲಿಲ್ಲ. ಶೀಲ್ಡನ್ನು ಕೋಣೆಯ ಮೂಲೆಯಲ್ಲಿಟ್ಟು ಮುಂದೆ ಒಂದು ಸೀರೆ ಇಳಿಬಿಟ್ಟೆ. ಸಂಜೆ ಬಂದ ಅತ್ತೆ, "ಶೀಲ್ಡಿಗೆ ಎಂತಕ್ಕೆ ಪರದೆ?" ಎಂದರು. "ದೂಳು ಕೂರತ್ತೆ ಅತ್ತೆ" ಎಂದೆ. ನಮ್ಮೂರಲ್ಲಿ, ಆ ಮಳೆಯ ತಿಂಗಳಲ್ಲಿ, ದೂಳು! ಬಟ್ಟೆ ಒಣಗಲು ಮೂರು ದಿನ ಬೇಕಾಗುವ ಹವೆಯದು. ಅತ್ತೆ ಬ್ಯಾಗು ಇಡಲು ಒಳಗೆ ಹೋದರು. ಆ ರಾತ್ರಿ ಊಟಕ್ಕೆ ಕೂತಾಗ, ಸಾರಿಗೆ ಹುಳಿಯೇ ಇಲ್ಲ ಎಂದರು. ಡಬ್ಬಿಯಲ್ಲಿ ಹುಣಸೆಹಣ್ಣು ಉಳಿದಿದ್ದರೆ ತಾನೆ.

ನನ್ನ ಲೆಕ್ಕಾಚಾರ ಸರಳವಾಗಿತ್ತು. ನಾವು ಗೆಲ್ಲಬೇಕು, ಅಷ್ಟೆ. ಗೆದ್ದರೆ ಶೀಲ್ಡು ನಮ್ಮದೇ. ವೇದಿಕೆಯಿಂದ ಸೀದಾ ನಮ್ಮ ಜೀಪಿಗೆ, ಜೀಪಿನಿಂದ ಅತ್ತೆಯ ಮೊಳೆಗೆ. ಕೊಡುವ ಅತಿಥಿಗಳ ಕೈಗೆ ಚೂರು ಬಣ್ಣ ಹತ್ತಿದರೂ ಅವರು ಮರ್ಯಾದಸ್ಥರು, ಕರವಸ್ತ್ರದಲ್ಲಿ ಒರೆಸಿಕೊಂಡು ಸುಮ್ಮನಿರುತ್ತಾರೆ. ಸೋತರೆ ಅದು ಬೇರೆ ಮಂಡಳಿಯ ಹದಿನೈದು ಹೆಂಗಸರ ಕೈಗೆ ಹೋಗುತ್ತದೆ. ಹದಿನೈದು ಹೆಂಗಸರು ಸುಮ್ಮನಿದ್ದದ್ದನ್ನು ನಾನು ಈ ಜನ್ಮದಲ್ಲಿ ಕಂಡಿಲ್ಲ. ಮೂರು ತಾಲೂಕಿನಲ್ಲಿ ತಲೆಯೆತ್ತಿ ಹಾಡಿದ ಅತ್ತೆ ನನ್ನಿಂದಾಗಿ ತಲೆತಗ್ಗಿಸಬೇಕಾಗುತ್ತದೆ. ಆ ಮೂರು ದಿನ ನಾನು ತಾಳ ಅಭ್ಯಾಸ ಮಾಡಿದಷ್ಟು ಪಟ್ಟಿಯ ಆ ಯಜಮಾನರೂ ಕೋಲು ಬೀಸಿರಲಾರರು.

ಸ್ಪರ್ಧೆಯ ಹಿಂದಿನ ಸಂಜೆ ಮುಟ್ಟಿ ನೋಡಿದೆ. ಬಣ್ಣ ಒಣಗಿತ್ತು! ಕಂಡ ಕಂಡ ದೇವರಿಗೆಲ್ಲ ಕೈಮುಗಿದು ಮಲಗಿದೆ. ಬೆಳಿಗ್ಗೆ ಜೀಪಿಗೆ ಹಾಕುವಾಗ ಮತ್ತೊಮ್ಮೆ ಮುಟ್ಟಿದರೆ ಅಂಟು ಅಂಟು. ಥಂಡಿಗೆ ಬಣ್ಣ ಮತ್ತೆ ಕರಗುತ್ತದೆಯೇ? ನನಗೆ ತಲೆಬುಡ ತಿಳಿಯಲಿಲ್ಲ. ಜೀಪಿನ ತುಂಬ ಸೀಮೆಎಣ್ಣೆ ವಾಸನೆ. ನನ್ನ ಕೈಯದೇ ಇರಬೇಕೆಂದು ಎರಡೂ ಕೈಯನ್ನು ಕಂಕುಳಲ್ಲಿಟ್ಟುಕೊಂಡು ಕೂತೆ.

ವೇದಿಕೆಯ ಮೇಜಿನ ಮೇಲೆ ಶೀಲ್ಡು ಎಂದೂ ಇಲ್ಲದಷ್ಟು ಹೊಳೆಯುತ್ತಿತ್ತು. ನೋಡಿದವರೆಲ್ಲ, ಎಷ್ಟು ಚೆಂದ ಇಟ್ಕೊಂಡಿದ್ದಾರೆ ಎಂದರು. ನಾವು ಹಾಡಿದೆವು. ನನ್ನ ತಾಳ ಒಂದು ಎಳೆಯೂ ಹಿಂದೆ ಬೀಳಲಿಲ್ಲ. ಅತ್ತೆಯ ದನಿ ಕೊನೆಯ ಏರಿನಲ್ಲಿ ಒಂದು ಗಳಿಗೆ ಒಡೆಯಿತು, ಕೂಡಲೇ ಸರಿಹೋಯಿತು. ಆಮೇಲೆ ಬಸರೀಕಟ್ಟೆ ಕಡೆಯ ಮಂಡಳಿಯವರು ಹಾಡಿದರು. ಅವರು ಮುಗಿಸಿದಾಗ ಅತ್ತೆಯೇ ಮೊದಲು ತಲೆದೂಗಿದರು. ಫಲಿತಾಂಶ ಅಲ್ಲಿಗೇ ನನಗೆ ಗೊತ್ತಾಯಿತು.

ನಾವು ದ್ವಿತೀಯ. ಬಸರೀಕಟ್ಟೆಯವರು ಪ್ರಥಮ.

ಅತಿಥಿಗಳು ಬಿಳಿ ಜುಬ್ಬದ ನಿವೃತ್ತ ಮೇಷ್ಟ್ರು. ಶೀಲ್ಡನ್ನು ಎರಡೂ ಕೈಯಲ್ಲಿ ಎತ್ತಿ ಕೊಟ್ಟರು. ಬಸರೀಕಟ್ಟೆ ಮಂಡಳಿಯ ಹಿರಿಯಮ್ಮ ಅದನ್ನು ಮಗುವಿನಂತೆ ಎದೆಗವಚಿಕೊಂಡರು. ಉಟ್ಟಿದ್ದದ್ದು ಕೆನೆಬಣ್ಣದ ಹೊಸ ಸೀರೆ. ಮೇಷ್ಟ್ರು ಮೂಗು ತುರಿಸಿಕೊಂಡರು, ಮೂಗು ಚಿನ್ನವಾಯಿತು. ಹಿರಿಯಮ್ಮ ಶೀಲ್ಡು ಕೆಳಗಿಟ್ಟರೆ ಅರ್ಧ ವೀಣೆ ಅವರ ಸೀರೆಯ ಮೇಲಿತ್ತು. ಸಭೆಯಲ್ಲಿ ಗುಜುಗುಜು. ಮೈಕು ಹಿಡಿದಿದ್ದವರು, "ಇದೆಂತದು? ಇದಕ್ಕೆ ಬಣ್ಣ ಹಚ್ಚಿದ್ದು ಯಾರು?" ಎಂದು ಮೈಕಿನಲ್ಲೇ ಕೇಳಿಬಿಟ್ಟರು. ನಮ್ಮ ಮಂಡಳಿಯವರು ಒಬ್ಬರ ಮುಖ ಒಬ್ಬರು ನೋಡಿದರು. ಪ್ರತಿಯೊಬ್ಬರೂ ತಮ್ಮ ತಿಂಗಳನ್ನು ನೆನೆಸಿಕೊಳ್ಳುತ್ತಿದ್ದರು.

ನಾನು ಎದ್ದು ನಿಂತೆ. ಹೆಗಲ ಮೇಲೆ ಒಂದು ಕೈ ಬಿದ್ದು ನನ್ನನ್ನು ಕುರ್ಚಿಗೆ ಒತ್ತಿ ಕೂರಿಸಿತು. ಅತ್ತೆ ವೇದಿಕೆ ಹತ್ತಿ ಮೈಕು ಇಸಿದುಕೊಂಡರು.

"ತಿಕ್ಕಿ ತೊಳ್ದು ಬಣ್ಣ ತೆಗ್ದಿದ್ದು ನಮ್ಮನೇಲಿ. ಮತ್ತೆ ಹಚ್ಚಿದ್ದೂ ನಮ್ಮನೇಲೇ. ನಾನು, ನನ್ ಸೊಸೆ, ಇಬ್ರೂ ಹಚ್ಚಿದ್ವಿ. ತಪ್ಪಾಯ್ತು. ಕೋಟಿಂಗು ಹಾಕ್ಸಿ ಕೊಡ್ತೀವಿ."

ಹೇಳಿ ಬಲಗೈ ಎತ್ತಿ ಸಭೆಗೆ ತೋರಿಸಿದರು. ಬೆರಳುಗಳ ತುದಿಯೆಲ್ಲ ಚಿನ್ನದ ಬಣ್ಣ. ಬೆಳಗಿನ ಅಂಟು, ಜೀಪಿನ ಸೀಮೆಎಣ್ಣೆ ವಾಸನೆ, ಎರಡೂ ಯಾರ ಕೈಯದೆಂದು ನನಗೆ ಆಗ ತಿಳಿಯಿತು.

ಬಸರೀಕಟ್ಟೆಯ ಹಿರಿಯಮ್ಮ ತಮ್ಮ ಅಂಗೈ ನೋಡಿಕೊಂಡರು, ಅತ್ತೆಯ ಕೈ ನೋಡಿದರು. ಆಮೇಲೆ ಅವರಿಗೆ ನಗು ತಡೆಯಲಾಗಲಿಲ್ಲ. "ಒಣಗೋ ತಂಕ ನಿಮ್ಮನೇಲೇ ಇಟ್ಕೊಳ್ಳಿ ಮಾರಾಯ್ತಿ, ನಮ್ ಜೀಪಲ್ಲಿ ಹದಿನೈದು ಸೀರೆ ಇದಾವೆ" ಎಂದರು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಮೇಷ್ಟ್ರು, ಎಲ್ಲರೂ ಯಾಕೆ ನಗುತ್ತಿದ್ದಾರೆಂದು ತಿಳಿಯದೆ, ಚಿನ್ನದ ಮೂಗಿನೊಂದಿಗೆ ತಾವೂ ನಕ್ಕರು.

ವಾಪಸ್ ಬರುವಾಗ ಜೀಪಿನಲ್ಲಿ ಅತ್ತೆಯ ಪಕ್ಕದಲ್ಲೇ ನನಗೆ ಜಾಗ ಸಿಕ್ಕಿತು. ಸುಮಾರು ದೂರ ಉಗುರಿನ ಸಂದಿನ ಬಣ್ಣ ಕೆರೆಯುತ್ತ ಕೂತಿದ್ದೆ. ಕೊನೆಗೆ, "ನಿಮಗೆ ಯಾವಾಗ ಗೊತ್ತಾಯ್ತು ಅತ್ತೆ?" ಎಂದೆ.

"ಬಾಳೆಹೊನ್ನೂರಿಂದ ಬಂದ ದಿನಾನೇ. ಶೀಲ್ಡಿಗೆ ಪರದೆ ಕಟ್ಟೋರು ಯಾರಾದ್ರೂ ಇದಾರನೇ?"

"ಮತ್ತೆ ಯಾಕೆ ಬಯ್ಯಲಿಲ್ಲ?"

"ಹಾಡೋಳು ನಾನು. ಬೈದು ಬೈದು ಗಂಟ್ಲು ಕೆಡ್ಸಿಕೊಳ್ಳೋಕಾಗ್ತದಾ?"

"ಒಣಗಿತ್ತು ಅತ್ತೆ. ನೀವು ಇವತ್ತು ಬೆಳಿಗ್ಗೆ ಮತ್ತೆ ಹಚ್ಚದೇ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ."

ಅತ್ತೆ ನನ್ನ ಕೈ ಎಳೆದುಕೊಂಡು, ಉಗುರಿನ ಸಂದಿನ ಬಣ್ಣವನ್ನು ಸೆರಗಿನ ತುದಿಯಿಂದ ತಿಕ್ಕತೊಡಗಿದರು.

"ಬುರುಡೆ ಕೆಳಗೆ ಇಷ್ಟಗಲ ಹಚ್ಚದೇ ಬಿಟ್ಟಿದ್ದೆ ನೀನು. ಅಲ್ಲಿಗೊಂದೇ ಹಚ್ಚಿದ್ರೆ ತೇಪೆ ಕಾಣ್ತದೆ ಅಂತ ಪೂರ್ತಿ ಬಳಿದೆ. ಅಷ್ಟು ಜನದ ಮುಂದೆ ಯಾರಾದ್ರೂ ಕಂಡು, ಇವ್ಳ ಸೊಸೆಗೆ ಒಂದು ಬಣ್ಣ ಹಚ್ಚೋಕೂ ಬರಲ್ಲ ಅಂದಿದ್ರೆ? ನಿಂಗೆ ಹಂಗನ್ನೋದಿದ್ರೆ ನಾನೊಬ್ಳೇ ಅನ್ಬೇಕು."

ನನಗೆ ದುಃಖ ಉಕ್ಕಿ ಬಂತು. ಅತ್ತೆ ನನ್ನ ಮುಖ ನೋಡಲಿಲ್ಲ, ಇನ್ನೊಂದು ಕೈ ಕೊಡು ಎಂದರು.